ರದ್ದಾದ ಕಾಯಿದೆ, ಉಳಿದ ಮಾತು

ಕಾಯಿದೆಯೊಂದು ಹುಟ್ಟಿದ ದಿನವನ್ನು ಹೇಗೋ ಹಾಗೆಯೇ ಅದು ರದ್ದಾದ ದಿನವನ್ನೂ ಸರಕಾರದ ರಾಜ್ಯಪತ್ರವು ತಾರೀಖು ಸಹಿತವಾಗಿ ದಾಖಲಿಸುತ್ತದೆ. ಆದರೆ ಆ ಕಾಯಿದೆಯ ಆಶ್ರಯದಲ್ಲಿ ಬೆಳೆದು ಜನರ ನಾಲಿಗೆಯ ಮೇಲೆ ನೆಲೆಗೊಂಡ ಶಬ್ದಗಳನ್ನು ಇಂತಹ ದಿನದಿಂದ ಯಾರೂ ಆಡಕೂಡದೆಂದು ವಿಧಿಸುವ ಅಧಿಕಾರವು ಯಾವ ಶಾಸನಸಭೆಗೂ ಇಲ್ಲ. ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಯಿಂದ ಹೆಸರಾದ ನರಗುಂದ ತಾಲೂಕಿನ ಶಿರೋಳದಲ್ಲಾಗಲಿ, ಅತ್ತ ರೋಣ ಗಜೇಂದ್ರಗಡಗಳ ಹಳ್ಳಿಗಳಲ್ಲಾಗಲಿ, ಹೊಲದ ಕಾಗದಕ್ಕಾಗಿ ಅಲೆಯುವ ರೈತನು ಇಂದಿಗೂ “ತಲಾಟ್ಯಾರು ಬಂದಾರೇನ್ರಿ?” ಎಂದೇ ವಿಚಾರಿಸುತ್ತಾನೆ. ತಲಾಟಿಯೆಂಬುದು ಮುಂಬಯಿ ಸರಕಾರದ ಕಾಲದ ಹೆಸರು. ೧೯೫೬ರ ನವೆಂಬರ್ ೧ರಂದು ಧಾರವಾಡ ಜಿಲ್ಲೆಯು ಆ ರಾಜ್ಯವನ್ನು ಬಿಟ್ಟು ಮೈಸೂರಿನೊಡನೆ ಕೂಡಿತು. ಬಳಿಕ ಅದೇ ನೌಕರನು ಗ್ರಾಮಲೆಕ್ಕಿಗನಾದನು, ಗ್ರಾಮಲೆಕ್ಕಾಧಿಕಾರಿಯಾದನು, ಈಚೆಗೆ ಗ್ರಾಮ ಆಡಳಿತ ಅಧಿಕಾರಿಯೂ ಆದನು. ನಡುವೆ ೧೯೯೭ರಲ್ಲಿ ಧಾರವಾಡವನ್ನು ವಿಭಜಿಸಿ ಗದಗ ಜಿಲ್ಲೆಯನ್ನು ರಚಿಸಿದ್ದೂ ಆಯಿತು. ಇಷ್ಟೆಲ್ಲ ನಾಮಕರಣಗಳು ಜರುಗಿದ ಮೇಲೂ ಊರಿನವರ ಪಾಲಿಗೆ ಆತನು ತಲಾಟಿಯೇ.

ಇದನ್ನು ಹಳ್ಳಿಗರ ಜಡತ್ವವೆಂದು ನಕ್ಕುಬಿಡುವ ವಿದ್ಯಾವಂತರುಂಟು. ನನಗೆ ಹಾಗೆ ತೋರುವುದಿಲ್ಲ. ಸರಕಾರವು ಬದಲಿಸಿದುದು ಫಲಕದ ಮೇಲಿನ ಅಕ್ಷರಗಳನ್ನು. ಅದರ ಕೆಳಗೆ ನಡೆಯುವ ವ್ಯವಹಾರವು, ಎಂದರೆ ಹೊಲ ಯಾರದು, ಬೆಳೆ ಯಾವುದು, ಸಾಲದ ಬೋಜಾ ಎಷ್ಟೆಂಬ ಆ ಮೂರು ಪ್ರಶ್ನೆಗಳು, ಮೊದಲು ಹೇಗಿದ್ದುವೋ ಈಗಲೂ ಹಾಗೆಯೇ ಇವೆ. ವ್ಯವಹಾರವು ಉಳಿದಲ್ಲಿ ಅದರ ಮಾತೂ ಉಳಿಯುವುದು ಸಹಜ. ಕೌತುಕವಿರುವುದು ವ್ಯವಹಾರವೇ ಅಳಿದುಹೋದ ಬಳಿಕವೂ ಬದುಕಿರುವ ಮಾತುಗಳಲ್ಲಿ.

ವತನವೆಂಬುದನ್ನೇ ತೆಗೆದುಕೊಳ್ಳೋಣ. ೧೮೭೪ರಲ್ಲಿ ಮುಂಬಯಿ ಸರಕಾರವು ವಂಶಪಾರಂಪರ್ಯವಾದ ಹುದ್ದೆಗಳ ಬಗೆಗೆ ಒಂದು ಕಾಯಿದೆಯನ್ನು ಮಾಡಿತು. ಜನರು ಅದನ್ನು ವತನ ಕಾಯಿದೆಯೆಂದು ಕರೆದರು. ಕಂದಾಯವನ್ನು ಕೂಡಿಸಿ ಊರಿನ ಶಾಂತಿಯನ್ನು ಕಾಯುವ ಗೌಡನು, ದಫ್ತರವನ್ನು ಬರೆಯುವ ಕುಲಕರ್ಣಿ, ಕಾವಲಿನ ತಳವಾರ, ಕರೆಯೋಲೆಯನ್ನು ಹೊತ್ತೊಯ್ಯುವ ವಾಲೀಕಾರ, ಸನದಿನ ಮೂಲಕ ದೊರೆತ ಹೊಲವನ್ನು ಉಂಡು ಸರಕಾರದ ಚಾಕರಿಯನ್ನು ಮಾಡುವ ಶೇತಸನದಿ, ಇವರೆಲ್ಲರಿಗೂ ಸಂಬಳಕ್ಕೆ ಬದಲಾಗಿ ಭೂಮಿಯುಂಟು, ಭೂಮಿಗೆ ಪ್ರತಿಯಾಗಿ ಸೇವೆಯುಂಟು, ಮತ್ತು ಇವೆರಡೂ ತಂದೆಯಿಂದ ಮಗನಿಗೆ ಇಳಿದು ಬರುತ್ತಿದ್ದುವು. ಮೇಲಿನವರಿಗೆ ಇದು ಮಾನವಾಗಿಯೂ ಕೆಳಗಿನವರಿಗೆ ಬಿಟ್ಟಿ ಚಾಕರಿಯ ಬಂಧನವಾಗಿಯೂ ಪರಿಣಮಿಸಿದ್ದಿತೆಂಬುದನ್ನು ಮರೆಯಲಾಗದು. ಆದುದರಿಂದ ಈ ವ್ಯವಸ್ಥೆಯು ತೊಲಗಿದುದಕ್ಕಾಗಿ ಕಣ್ಣೀರಿಡುವ ಕಾರಣ ನನಗೆ ಕಾಣದು. ಕುಲಕರ್ಣಿಯ ವತನವು ೧೯೫೧ರ ಮೇ ೧ರಂದು, ಧಾರವಾಡವಿನ್ನೂ ಮುಂಬಯಿ ರಾಜ್ಯದಲ್ಲಿರುವಾಗಲೇ, ಕೊನೆಗಂಡಿತು. ಉಳಿದ ಗ್ರಾಮಾಧಿಕಾರಗಳನ್ನು ೧೯೬೧ರಲ್ಲಿ ಮೈಸೂರು ಶಾಸನಸಭೆಯು ಮಾಡಿದ ಗ್ರಾಮಾಧಿಕಾರ ನಿರ್ಮೂಲನ ಕಾಯಿದೆಯು ೧೯೬೩ರ ಫೆಬ್ರವರಿ ೧ರಿಂದ ತೊಡೆದುಹಾಕಿತು. ವತನದ ಭೂಮಿಗಳು ಸರಕಾರಕ್ಕೆ ಸೇರಿ, ಹಣ ಕಟ್ಟಿಸಿಕೊಂಡು, ಶರತ್ತುಗಳೊಡನೆ ಹಿಂದಿನ ಹಿಡುವಳಿದಾರರಿಗೇ ಮರಳಿ ಮಂಜೂರಾಗತೊಡಗಿದುವು.

ಹುದ್ದೆಗಳು ಹೋದುವು, ಹೆಸರುಗಳು ಅಡ್ಡಹೆಸರುಗಳಾಗಿ ನಿಂತುವು. ಶಾಲೆಯ ಹಾಜರಿ ಪುಸ್ತಕವನ್ನು ತೆರೆದರೆ ಪಾಟೀಲ, ಕುಲಕರ್ಣಿ, ದೇಸಾಯಿ, ದೇಶಪಾಂಡೆ, ನಾಡಗೌಡ, ತಳವಾರ, ವಾಲೀಕಾರ ಎಂದು ರದ್ದಾದ ಕಾಯಿದೆಯೇ ಸಾಲುಸಾಲಾಗಿ ಎದ್ದುನಿಂತು ‘ಹಾಜರ್’ ಎನ್ನುತ್ತಿರುವಂತೆ ತೋರುವುದು. ಅಡ್ಡಹೆಸರಾಗುವ ಭಾಗ್ಯವಿಲ್ಲದ ಶಬ್ದಗಳ ಗತಿ ಬೇರೆ. ಶೇತಸನದಿಯೆಂದರೇನೆಂದು ಇಂದಿನ ತರುಣನನ್ನು ಕೇಳಿದರೆ ಆತನು ತಲೆಯಾಡಿಸಿಯಾನು. ನರಗುಂದವು ನವಲಗುಂದ ತಾಲೂಕಿನ ಒಂದು ಪೇಟಾ, ಎಂದರೆ ಉಪವಿಭಾಗ, ಆಗಿದ್ದ ಬ್ರಿಟಿಷರ ಕಾಲದಲ್ಲಿ ಅಂತಹ ಸಣ್ಣ ವಿಭಾಗಗಳ ಆಡಳಿತವನ್ನು ನೋಡುತ್ತಿದ್ದ ಮಹಾಲಕರಿಯೂ ಹಾಗೆಯೇ ಮರೆಯಾದನು. ಅಂತೂ ವ್ಯವಹಾರದ ನಂತರವೂ ಮಾತು ಉಳಿಯಬೇಕಾದರೆ ಅದು ಮನುಷ್ಯನ ಹೆಸರಿಗೋ ಹೊಲದ ಹೆಸರಿಗೋ ಅಂಟಿಕೊಳ್ಳಬೇಕು.

ಹೀಗೆ ಅಂಟಿಕೊಂಡ ಮಾತು ಕೆಲವೊಮ್ಮೆ ಮರಳಿ ಕಾಯಿದೆಯೊಳಕ್ಕೆ ಪ್ರವೇಶಿಸುವುದೂ ಉಂಟು. ತಳವಾರನೆಂಬುದು ಗ್ರಾಮಸೇವೆಯ ಹೆಸರಾಗಿ ೧೯೬೩ರಲ್ಲಿ ಅಳಿಯಿತಷ್ಟೆ. ೨೦೨೦ರಲ್ಲಿ ಸಂಸತ್ತು ಪರಿಶಿಷ್ಟ ಪಂಗಡಗಳ ಪಟ್ಟಿಯನ್ನು ತಿದ್ದಿದಾಗ ಕರ್ನಾಟಕದ ನಾಯಕ ಸಮುದಾಯದ ಪರ್ಯಾಯನಾಮಗಳಾಗಿ ‘ಪರಿವಾರ’, ‘ತಳವಾರ’ ಎಂಬೆರಡು ಶಬ್ದಗಳನ್ನು ಸೇರಿಸಿತು. ಆ ಬಳಿಕ ತಹಶೀಲ್ದಾರರ ಕಚೇರಿಗಳಲ್ಲಿ ಹುಟ್ಟಿದ ವಾದವೇನೆಂದರೆ, ಇಂಥವರ ಮನೆತನದ ‘ತಳವಾರ’ವು ಜಾತಿಯ ಹೆಸರೋ ಅಥವಾ ಅಜ್ಜನು ಮಾಡುತ್ತಿದ್ದ ಚಾಕರಿಯ ಹೆಸರೋ ಎಂಬುದು. ಇದರಲ್ಲಿ ಯಾರ ಪಕ್ಷವನ್ನೂ ಹಿಡಿಯುವುದು ನನ್ನ ಉದ್ದೇಶವಲ್ಲ. ಅರುವತ್ತು ವರ್ಷಗಳ ಹಿಂದೆ ಹುದ್ದೆಗಳನ್ನು ಅಳಿಸಿದವರು, ಅವುಗಳ ಹೆಸರುಗಳನ್ನು ಊರೂರಿನ ದಾಖಲೆಯಿಂದ ವಿವರವಾಗಿ ಬರೆದಿಟ್ಟು ಅರ್ಥವನ್ನು ನಿಷ್ಕರ್ಷಿಸಿದ್ದರೆ, ಇಂದು ಎಷ್ಟೋ ಮಕ್ಕಳ ಜಾತಿ ಪ್ರಮಾಣಪತ್ರದ ತಕರಾರು ಇಷ್ಟು ಜಟಿಲವಾಗುತ್ತಿರಲಿಲ್ಲವೆಂಬುದನ್ನು ಮಾತ್ರ ಹೇಳಬೇಕು.

ಇಂತಹ ಶಬ್ದಗಳ ನಿಜವಾದ ಭಂಡಾರವೆಂದರೆ ಉತಾರ. ಹಳೆ ಮೈಸೂರಿನವರು ಪಹಣಿಯೆನ್ನುವ ಈ ಕಾಗದವನ್ನು ಇತ್ತಲಾಗಿ ಉತಾರವೆನ್ನುವರು. ಕಬ್ಜೇದಾರ, ಆಕಾರ, ಖರಾಬು, ಹಿಸ್ಸಾ, ವಾಟ್ನಿ, ವಾರಸಾ, ಡೈರಿ, ನವೀನ ಶರ್ತು ಎಂಬೀ ಮಾತುಗಳಲ್ಲಿ ಅರಬ್ಬಿಯಿಂದ ಬಂದುದೆಷ್ಟು, ಫಾರಸಿಯಿಂದ ಬಂದುದೆಷ್ಟು, ಪೇಶವೆಯವರ ಮರಾಠಿಯಿಂದ ಇಳಿದುದೆಷ್ಟೆಂದು ಲೆಕ್ಕ ಹಾಕುವುದು ಭಾಷಾಶಾಸ್ತ್ರಿಗಳ ಕೆಲಸ. ರೈತನಿಗೆ ಅವೆಲ್ಲವೂ ಅಚ್ಚಗನ್ನಡವೇ. ಹಳೆಯ ದಾಖಲೆಗಳಲ್ಲಿ ಹಲವು ಮೋಡಿ ಲಿಪಿಯಲ್ಲಿವೆ, ಅದನ್ನು ಓದಬಲ್ಲವರು ಬೆರಳೆಣಿಕೆಯಷ್ಟು ಉಳಿದಿದ್ದಾರೆ. ಆದರೂ ಹೊಲದ ವ್ಯಾಜ್ಯವು ನ್ಯಾಯಾಲಯಕ್ಕೆ ಹೋದಾಗ, ಇನಾಮಿನ ಯಾವ ವರ್ಗವೆಂದು ಶತಮಾನದ ಹಿಂದೆ ಯಾರೋ ಗೀಚಿದ ಒಂದು ಅಂಕೆಯ ಮೇಲೆ ಇಡೀ ಮೊಕದ್ದಮೆಯು ನಿಲ್ಲುವುದುಂಟು. ನಮ್ಮ ವಿಶ್ವವಿದ್ಯಾಲಯಗಳು ಹಳಗನ್ನಡದ ಕೋಶಗಳಿಗೆ ಕೊಟ್ಟ ಗಮನದ ಹತ್ತರಲ್ಲೊಂದು ಪಾಲನ್ನು ಈ ದಫ್ತರದ ಕನ್ನಡಕ್ಕೆ ಕೊಟ್ಟಿದ್ದರೆ ವಕೀಲರಿಗೂ ಕಕ್ಷಿದಾರರಿಗೂ ಮಹದುಪಕಾರವಾಗುತ್ತಿದ್ದಿತು.

ಉತಾರದಲ್ಲಿ ಕಾಣದಿದ್ದರೂ ಊರಿನಲ್ಲಿ ಪ್ರತಿ ವರ್ಷವೂ ಕೇಳಿಬರುವ ಇನ್ನೊಂದು ಮಾತು ‘ಲಾವಣಿ’. ಹಾಡುವ ಲಾವಣಿಯಲ್ಲ, ಹೊಲವನ್ನು ಇನ್ನೊಬ್ಬನಿಗೆ ವರ್ಷದ ಗುತ್ತಿಗೆಗೆ ಕೊಡುವ ಲಾವಣಿ. ೧೯೭೪ರ ಮಾರ್ಚ್ ೧ರಿಂದ ಗೇಣಿಯ ಭೂಮಿಗಳೆಲ್ಲ ಸರಕಾರಕ್ಕೆ ಸೇರಿ, ಉಳುವವನೇ ಒಡೆಯನಾಗಿ, ಮುಂದೆ ಭೂಮಿಯನ್ನು ಗೇಣಿಗೆ ಕೊಡುವುದು ಸಾಮಾನ್ಯವಾಗಿ ನಿಷಿದ್ಧವಾಯಿತೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆ ಸುಧಾರಣೆಯಿಂದ ಲಕ್ಷಾಂತರ ಗೇಣಿದಾರರ ಬಾಳು ಹಸನಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮಗನು ಪಟ್ಟಣಕ್ಕೆ ಹೋದ ಮನೆಯ ಮುದುಕನು, ಎತ್ತು ಮಾರಿದ ವಿಧವೆ, ದುಡಿಯುವ ಕೈಯಿಲ್ಲದ ಸಣ್ಣ ಹಿಡುವಳಿದಾರ, ಇವರು ಯುಗಾದಿಯ ಹೊತ್ತಿಗೆ ಹೊಲವನ್ನು ಲಾವಣಿಗೆ ಹಾಕುವುದೂ, ಹಾಕಿಸಿಕೊಂಡವನು ಮಾತಿನ ಮೇಲೆಯೇ ಹಣವನ್ನು ಎಣಿಸಿಕೊಡುವುದೂ ನಿಂತಿಲ್ಲ. ಕಾಗದವಿಲ್ಲದ ಕಾರಣ ಬೆಳೆ ಮುಳುಗಿದಾಗ ಪರಿಹಾರವು ಬಿತ್ತಿದವನಿಗೆ ಬಾರದೆ ಉತಾರದಲ್ಲಿ ಹೆಸರಿರುವವನಿಗೆ ಹೋಗುತ್ತದೆ. ಇಲ್ಲಿ ರದ್ದಾದುದು ಮಾತೂ ಅಲ್ಲ, ಪದ್ಧತಿಯೂ ಅಲ್ಲ. ರದ್ದಾದುದು ಬಡ ಸಾಗುವಳಿದಾರನಿಗೆ ಕಾಯಿದೆಯು ಕೊಡಬಹುದಾಗಿದ್ದ ರಕ್ಷಣೆ ಮಾತ್ರ.

ಅಳತೆ ತೂಕಗಳ ವಿಷಯವನ್ನು ಬೇಗನೆ ಮುಗಿಸಬಹುದು. ೧೯೫೬ರ ಕಾಯಿದೆಯು ಮೆಟ್ರಿಕ್ ಪದ್ಧತಿಯನ್ನು ತಂದು ಗಿದ್ನ, ಸೊಲಗಿ, ಸೇರು, ಹೇರುಗಳನ್ನು ಅಂಗಡಿಯಿಂದ ಹೊರಗಟ್ಟಿತು. ೧೯೫೭ರ ಏಪ್ರಿಲ್ ೧ರಂದು ನೂರು ಪೈಸೆಯ ರೂಪಾಯಿಯು ಬಂದು ಹದಿನಾರು ಆಣೆಯ ರೂಪಾಯಿಯು ಹೋಯಿತು. ಆಣೆಯೇನೋ ನಾಣ್ಯವಾಗಿ ಸತ್ತಿತು, ಆದರೆ ಮಳೆ ಕೈಕೊಟ್ಟ ವರ್ಷದಲ್ಲಿ “ಎಂಟಾಣೆ ಬೆಳಿ ಬಂದರ ಪುಣ್ಯಾರಿ” ಎನ್ನುವ ಒಕ್ಕಲಿಗನ ಬಾಯಲ್ಲಿ ಅದು ಸುಖವಾಗಿದೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಕ್ಯಾಪ್ಟನ್ ವಿಂಗೇಟನು ದಕ್ಷಿಣ ಮರಾಠಾ ಸೀಮೆಯನ್ನು ಸರ್ವೆ ಮಾಡಿಸಿದಾಗ, ಮಣ್ಣಿನ ಗುಣವನ್ನು ಆಣೆಗಳಲ್ಲಿ ನಿರ್ಧರಿಸಿ, ಉತ್ತಮವಾದ ಎರೆಗೆ ಹದಿನಾರಾಣೆಯನ್ನು ಕೊಟ್ಟು, ಕೆಳದರ್ಜೆಯ ಮಣ್ಣಿಗೆ ಅದರಿಂದ ಇಳಿಸುತ್ತ ಬಂದು, ಅದರಂತೆ ಆಕಾರವನ್ನು, ಎಂದರೆ ಕಂದಾಯವನ್ನು, ಕಟ್ಟಿದರು. ಬೆಳೆಯ ಆಣೆವಾರಿಯೆಂಬ ಅಂದಾಜೂ ಬರಗಾಲದ ಕಂದಾಯಮಾಫಿಯ ಆಧಾರವಾಗಿ ಬಹುಕಾಲ ನಡೆಯಿತು. ಗುಂಟೆಯ ಕೆಳಗಿನ ಭಾಗವನ್ನು ಮೋಜಣಿಯ ಕಾಗದವು ಆಣೆಯೆಂದೇ ಬರೆಯುತ್ತ ಬಂದಿದೆ. ನಾಣ್ಯವಾಗಿ ಹೋದ ಆಣೆಯು ನೆಲದ ಅಳತೆಯಾಗಿ ನಿಂತಿತು.

ಇದಕ್ಕಿಂತಲೂ ಹಿಂದಕ್ಕೆ ಹೋದರೆ ಕೊಣ್ಣೂರಿನ ಕಲ್ಲಿಗೆ ಬರುವೆವು. ನರಗುಂದ ತಾಲೂಕಿನದೇ ಆದ ಈ ಊರಿನಲ್ಲಿ, ರಾಷ್ಟ್ರಕೂಟ ಅಮೋಘವರ್ಷನು ಕ್ರಿ. ಶ. ೮೬೦ರಲ್ಲಿ, ಸೇನಾನಿ ಬಂಕೇಯನ ಪ್ರಾರ್ಥನೆಯಂತೆ, ದೇವೇಂದ್ರನೆಂಬ ಜೈನಮುನಿಗೆ ದತ್ತಿಯನ್ನು ಕೊಟ್ಟುದನ್ನು ಹೇಳುವ ಸಂಸ್ಕೃತ ಶಾಸನವಿದೆ. ಅದರ ನಂತರದ ಶತಮಾನಗಳಲ್ಲಿ ಈ ಸೀಮೆಯ ಕನ್ನಡ ಶಾಸನಗಳಲ್ಲಿ ಬರುವ ಸಿದ್ಧಾಯ, ಅರುವಣ, ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮುಂತಾದ ಕರಗಳ ಹೆಸರುಗಳಲ್ಲಿ ಹಲವು ಇಂದು ವಿದ್ವಾಂಸರಿಗೂ ವಿವರಿಸಲು ಕಷ್ಟವಾಗಿವೆ. ಆ ಪಟ್ಟಿಯಲ್ಲಿನ ಒಂದು ಮಾತು ಮಾತ್ರ ನಮಗೆ ನಿತ್ಯಪರಿಚಿತ: ಕಿರುಕುಳ. ದೊಡ್ಡ ಸುಂಕವಾದ ಪೆರ್ಜುಂಕದ ಬದಿಯಲ್ಲಿ ನಿಂತು ಸಣ್ಣಪುಟ್ಟ ತೆರಿಗೆಗಳನ್ನು ಸೂಚಿಸುತ್ತಿದ್ದ ಆ ಶಬ್ದವು ತೆರಿಗೆಯ ಅರ್ಥವನ್ನು ಕಳಚಿ ಪೀಡೆಯ ಅರ್ಥವನ್ನಷ್ಟೇ ಇರಿಸಿಕೊಂಡಿತು. ತೆರಿಗೆ ಕೊಡುವವರ ಅಭಿಪ್ರಾಯವೇ ಕೋಶದಲ್ಲಿ ಗೆದ್ದಿತೆಂದು ಯಾರಾದರೂ ವಿನೋದಕ್ಕೆ ಹೇಳಿದರೆ ನಾನಂತೂ ಆಕ್ಷೇಪಿಸಲಾರೆ.

ಈ ಸೀಮೆಯ ಚರಿತ್ರೆಯಲ್ಲಿ ಒಂದು ಶಬ್ದಕ್ಕಾಗಿ ಸಂಸ್ಥಾನವೇ ಹೋದುದುಂಟು. ಆ ಶಬ್ದವು ‘ದತ್ತಕ’. ನರಗುಂದದ ಸಂಸ್ಥಾನಿಕ ಭಾಸ್ಕರರಾವ್ ಭಾವೆಯವರು, ಜನರು ಬಾಬಾಸಾಹೇಬರೆಂದು ಕರೆದವರು, ಬದುಕುಳಿದ ಪುತ್ರಸಂತಾನವಿಲ್ಲದುದರಿಂದ ದತ್ತಕಕ್ಕೆ ಅನುಮತಿಯನ್ನು ಕೇಳಿದರು. ಔರಸ ಪುತ್ರನಿಲ್ಲದ ಸಂಸ್ಥಾನವು ಸರಕಾರಕ್ಕೆ ಸೇರತಕ್ಕದ್ದೆಂಬ ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದ ನಿಯಮವನ್ನು ಹಿಡಿದು ಕಂಪನಿ ಸರಕಾರವು ಅದನ್ನು ನಿರಾಕರಿಸಿತು. ಧರ್ಮಶಾಸ್ತ್ರವು ಪುತ್ರನೆಂದು ಒಪ್ಪಿದವನನ್ನು ದಫ್ತರವು ಪರಕೀಯನೆಂದಿತು. ಪಿಂಡಕ್ಕೆ ಅಧಿಕಾರಿಯಾದವನು ಗಾದಿಗೆ ಅಧಿಕಾರಿಯಾಗದೆ ಹೋದನು. ಇದರ ಮೇಲೆ ೧೮೫೭ರ ನಿಶ್ಶಸ್ತ್ರೀಕರಣದ ಕಾಯಿದೆಯು ಬಂದು, ಮನೆಯಲ್ಲಿರುವ ಹತಾರಗಳನ್ನು ಒಪ್ಪಿಸಬೇಕೆಂದು ವಿಧಿಸಿತು. ಮುಧೋಳ ಸೀಮೆಯ ಹಲಗಲಿಯ ಬೇಡರು ಆ ವರ್ಷದ ನವೆಂಬರಿನಲ್ಲಿ ಅದನ್ನು ಧಿಕ್ಕರಿಸಿ ಪ್ರಾಣ ತೆತ್ತರು. ಅವರನ್ನು ಕುರಿತ ಲಾವಣಿಯನ್ನು ಮುಂದೆ ಬ್ರಿಟಿಷ್ ಅಧಿಕಾರಿಯಾದ ಫ್ಲೀಟನೇ ಸಂಗ್ರಹಿಸಿದನು. ನರಗುಂದಕ್ಕೂ ತೋಪುಗಳನ್ನು ಒಪ್ಪಿಸಬೇಕೆಂಬ ಅಪ್ಪಣೆಯು ಬಂದಿತು. ೧೮೫೮ರ ಮೇ ೨೯ರ ರಾತ್ರಿ ಸುರೇಬಾನದಲ್ಲಿ ರಾಜಕೀಯ ಏಜಂಟನಾದ ಮ್ಯಾನ್ಸನ್ನನು ಬಾಬಾಸಾಹೇಬರ ಕಡೆಯವರಿಂದ ಹತನಾದನು. ಜೂನ್ ಮೊದಲಲ್ಲಿ ಕರ್ನಲ್ ಮಾಲ್ಕಮನ ಸೈನ್ಯವು ನರಗುಂದವನ್ನು ಹಿಡಿಯಿತು. ಜೂನ್ ೧೨ರಂದು ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅದೇ ವರ್ಷದ ನವೆಂಬರ್ ೧ರಂದು ಹೊರಟ ವಿಕ್ಟೋರಿಯಾ ರಾಣಿಯ ಘೋಷಣೆಯು ರಾಜ್ಯವಿಸ್ತಾರದ ಅಪೇಕ್ಷೆ ತನಗಿಲ್ಲವೆಂದು ಸಾರಿತು. ಕೆಲವೇ ವರ್ಷಗಳಲ್ಲಿ ವೈಸರಾಯ್ ಕ್ಯಾನಿಂಗನು ದೇಶೀಯ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಹಂಚಿದನು. ನರಗುಂದವನ್ನು ನುಂಗಿದ ನಿಯಮವು ನರಗುಂದವನ್ನು ನುಂಗಿದ ಮರುಗಳಿಗೆಯಲ್ಲೇ ನಿರುಪಯುಕ್ತವಾಯಿತು.

ಆ ನಿಯಮಕ್ಕೆ ಇಂಗ್ಲಿಷಿನಲ್ಲಿ ಗಂಭೀರವಾದ ಹೆಸರೊಂದಿದ್ದಿತು, ಈಗದು ಪರೀಕ್ಷೆಯ ಪ್ರಶ್ನಪತ್ರಿಕೆಗಳಲ್ಲಿ ಮಾತ್ರ ಕಾಣುತ್ತದೆ. ದತ್ತಕವಾದರೋ ಮನೆಮನೆಯ ಮಾತು. ೧೯೫೬ರ ಹಿಂದೂ ದತ್ತಕ ಮತ್ತು ಪೋಷಣೆಯ ಕಾಯಿದೆಯು ಅದನ್ನು ಸಂಪೂರ್ಣವಾಗಿ ಹೊಸದಾಗಿ ಬರೆಯಿತು, ದತ್ತಹೋಮವು ಅನಿವಾರ್ಯವಲ್ಲವೆಂದಿತು, ಹೆಣ್ಣುಮಕ್ಕಳನ್ನೂ ದತ್ತಕಕ್ಕೆ ತೆಗೆದುಕೊಳ್ಳಬಹುದೆಂದಿತು. ಅದೇ ವರ್ಷದ ಉತ್ತರಾಧಿಕಾರ ಕಾಯಿದೆಯು, ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರನು ಬರೆದ ಮಿತಾಕ್ಷರೆಯ ಎಷ್ಟೋ ನಿಯಮಗಳನ್ನು ಬದಿಗೆ ಸರಿಸಿತು. ೨೦೦೫ರ ತಿದ್ದುಪಡಿಯು ಅದಕ್ಕಿಂತ ಹತ್ತಕ್ಕೂ ಹೆಚ್ಚು ವರ್ಷ ಮೊದಲೇ ಕರ್ನಾಟಕವು ಕೊಟ್ಟಿದ್ದ ಹಕ್ಕನ್ನು ದೇಶದ ಹೆಣ್ಣುಮಕ್ಕಳಿಗೆಲ್ಲ ಕೊಟ್ಟು ಇನ್ನಷ್ಟನ್ನು ಸರಿಸಿತು. ಹೀಗಿದ್ದೂ ಆ ಕಾಯಿದೆಯ ಆರನೆಯ ಕಲಮಿನಲ್ಲಿ ‘ಮಿತಾಕ್ಷರ’ವೆಂಬ ಹೆಸರು ಹಾಗೆಯೇ ಇದೆ. ಕನ್ನಡ ನಾಡಿನಲ್ಲಿ ಹುಟ್ಟಿದ ಗ್ರಂಥವೊಂದರ ಹೆಸರು, ತನ್ನನ್ನು ತಿದ್ದುವ ಕಾಯಿದೆಯ ಒಡಲಲ್ಲಿಯೇ ಹೀಗೆ ಉಳಿದುಬಂದಿದೆ.

ಇನ್ನು ಇದರ ವಿಲೋಮವನ್ನೂ ನೋಡಬೇಕು. ಬಳಕೆ ತಪ್ಪಿದ ಮಾತಿನಿಂದ ಯಾರಿಗೂ ಕೇಡಿಲ್ಲ. ಬಳಕೆ ತಪ್ಪಿಯೂ ರದ್ದಾಗದ ಕಾಯಿದೆಯಿಂದ ಕೇಡುಂಟು. ಇಂಗ್ಲೆಂಡಿನಲ್ಲಿ ೧೮೧೭ರಲ್ಲಿ ಕೊಲೆಯ ಆಪಾದನೆಗೆ ಗುರಿಯಾದ ಥಾರ್ನ್ಟನ್ನನೆಂಬವನು, ಬಹುಕಾಲದಿಂದ ಬಳಕೆ ತಪ್ಪಿದ್ದ ದ್ವಂದ್ವಯುದ್ಧದ ಹಕ್ಕನ್ನು ಎತ್ತಿ, ನ್ಯಾಯಾಲಯದಲ್ಲಿ ಕೈಗವಸನ್ನು ಎಸೆದನು. ಕಾಯಿದೆಯಲ್ಲಿ ಅದಿನ್ನೂ ಜೀವಂತವಾಗಿದೆಯೆಂದು ನ್ಯಾಯಪೀಠವು ೧೮೧೮ರಲ್ಲಿ ಒಪ್ಪಲೇಬೇಕಾಯಿತು. ಫಿರ್ಯಾದಿಯು ಹೋರಾಡಲೊಲ್ಲದೆ ಹಿಂದೆಗೆದನು, ಥಾರ್ನ್ಟನ್ನನು ಬಿಡುಗಡೆಯಾದನು, ಪಾರ್ಲಿಮೆಂಟು ಮರುವರ್ಷವೇ ಆ ಹಕ್ಕನ್ನು ಅಳಿಸಿತು. ನಮ್ಮ ಸರ್ವೋಚ್ಚ ನ್ಯಾಯಾಲಯವು ೧೯೯೫ರಲ್ಲಿ ಪುಣೆ ನಗರಪಾಲಿಕೆಯ ಒಂದು ಮೊಕದ್ದಮೆಯಲ್ಲಿ, ಬಹುಕಾಲ ಬಳಕೆಯಿಲ್ಲದೆ, ಅದಕ್ಕೆ ವಿರುದ್ಧವಾದ ನಡವಳಿಯೂ ರೂಢಿಯಾಗಿದ್ದರೆ, ಅಂತಹ ವಿಧಿಯು ತಾನಾಗಿಯೇ ನಿರ್ಜೀವವಾಯಿತೆಂದು ಭಾವಿಸಬಹುದೆಂದು ಹೇಳಿತು. ೨೦೧೪ರ ನಂತರ ಸಂಸತ್ತು ೧೫೦೦ಕ್ಕೂ ಹೆಚ್ಚು ಹಳೆಯ ಕಾಯಿದೆಗಳನ್ನು ಪುಸ್ತಕದಿಂದ ತೆಗೆದುಹಾಕಿತು. ಅವುಗಳಲ್ಲಿ ಹೆಚ್ಚಿನವು ಕೆಲಸ ಮುಗಿದ ತಿದ್ದುಪಡಿಯ ಹಾಗೂ ಧನವಿನಿಯೋಗದ ಕಾಯಿದೆಗಳಾದುದರಿಂದ ಅಂಕೆಯನ್ನು ಕಂಡು ಬೆರಗಾಗಬೇಕಾದುದಿಲ್ಲ.

ನರಗುಂದದ ಜನರಿಗೆ ಮಲಗಿದ ಕಾಯಿದೆಯು ಏಳುವುದೆಂದರೇನೆಂಬುದನ್ನು ಇಂಗ್ಲೆಂಡಿನ ಉದಾಹರಣೆಯಿಂದ ತಿಳಿಸಬೇಕಾಗಿಲ್ಲ. ನೀರಾವರಿಯಾದ ಭೂಮಿಯ ಮೇಲೆ ಅಭಿವೃದ್ಧಿ ವಂತಿಗೆಯನ್ನೂ ನೀರಿನ ದರವನ್ನೂ ವಿಧಿಸುವ ಕಾಯಿದೆಯು ೧೯೫೭ರಲ್ಲಿಯೇ ಆಗಿದ್ದಿತು. ಆಗ ಈ ಸೀಮೆಗೆ ಮಲಪ್ರಭೆಯ ಕಾಲುವೆಯೇ ಬಂದಿರಲಿಲ್ಲವಾದುದರಿಂದ ಅದನ್ನು ಓದುವ ಪ್ರಸಂಗ ಯಾವ ರೈತನಿಗೂ ಇರಲಿಲ್ಲ. ೧೯೭೦ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನ ನೀರು ಹರಿಯತೊಡಗಿದೊಡನೆ, ಕಾಲುವೆಯಿಂದ ನಿಮ್ಮ ಭೂಮಿಯ ಬೆಲೆ ಏರಿತು, ಏರಿದ ಬೆಲೆಯಲ್ಲಿ ಸರಕಾರಕ್ಕೆ ಪಾಲು ಕೊಡಿರೆಂದು ನೋಟೀಸುಗಳು ಬಂದುವು. ನೀರು ತಲುಪದ ಹೊಲಗಳಿಗೂ ಕರವೇಕೆಂದು ರೈತರು ಕೇಳಿದರು. ಹತ್ತಿಯ ಬೆಲೆ ಕುಸಿದಿದ್ದ ಕಾಲವದು. ಕಾಯಿದೆಯ ‘ವಂತಿಗೆ’ಯನ್ನು ಊರವರು ‘ಅಭಿವೃದ್ಧಿ ಕರ’ವೆಂದರು, ‘ಲೆವಿ’ಯೆಂದರು, ಮನೆಯ ಜೋಳವನ್ನು ಸರಕಾರಕ್ಕೆ ಅಳೆದುಕೊಟ್ಟ ಲೆವಿಯ ನೆನಪು ಇನ್ನೂ ಹಸಿಯಾಗಿದ್ದುದರಿಂದ ಆ ಮಾತು ತಟ್ಟನೆ ಕಿಚ್ಚಾಯಿತು. ೧೯೮೦ರ ಜುಲೈ ೨೧ರಂದು ನರಗುಂದದಲ್ಲಿ ಗೋಲೀಬಾರಾಗಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಅವರು ಮಡಿದರು, ಪೊಲೀಸರಲ್ಲಿಯೂ ಸಾವುಗಳಾದುವು, ನವಲಗುಂದದಲ್ಲಿಯೂ ರಕ್ತ ಹರಿಯಿತು. ರಾಜ್ಯ ರೈತಸಂಘವು ರೂಪುಗೊಂಡುದು ಆ ವರ್ಷವೇ. ಪ್ರತಿ ಜುಲೈ ೨೧ರಂದು ನರಗುಂದದಲ್ಲಿ ರೈತ ಹುತಾತ್ಮರಿಗೆ ಮಾಲೆ ಹಾಕಲು ನೆರೆಯುವವರಲ್ಲಿ ಹೆಚ್ಚಿನವರು ಆ ಕಾಯಿದೆಯ ಪೂರ್ಣ ಹೆಸರನ್ನು ಹೇಳಲಾರರು. ಆದರೆ ‘ಕರ ನಿರಾಕರಣೆ’ಯೆಂಬ ಮಾತನ್ನು ಯಾರೂ ಮರೆತಿಲ್ಲ.

ಕೊನೆಯದಾಗಿ, ತೀರ ಈಚಿನ ಮರಣವೊಂದನ್ನು ಹೇಳದೆ ಬಿಡಲಾಗದು. ೧೮೬೦ರ ಭಾರತೀಯ ದಂಡಸಂಹಿತೆಯು ನೂರರುವತ್ತು ವರ್ಷಗಳಿಗೂ ಮಿಕ್ಕಿ ಆಳಿ, ೨೦೨೪ರ ಜುಲೈ ೧ರಂದು ಭಾರತೀಯ ನ್ಯಾಯ ಸಂಹಿತೆಗೆ ಸ್ಥಾನವನ್ನು ಬಿಟ್ಟುಕೊಟ್ಟಿತು. ವಂಚನೆಯ ೪೨೦ನೆಯ ಕಲಮು ೩೧೮ರೊಳಗೆ ಸೇರಿಹೋಯಿತು. ಜೊತೆಯ ಕಾರ್ಯವಿಧಾನ ಸಂಹಿತೆಯಲ್ಲಿ ೧೪೪ನೆಯದು ೧೬೩ಕ್ಕೆ ಸರಿಯಿತು. ಪೊಲೀಸ್ ಠಾಣೆಯ ಕಾಗದಗಳು ಒಂದೇ ರಾತ್ರಿಯಲ್ಲಿ ಬದಲಾದುವು. ಸಂತೆಯಲ್ಲಿ ಮಾತ್ರ ತೂಕದಲ್ಲಿ ಮೋಸ ಮಾಡಿದವನು ಇನ್ನೂ ‘ಫೋರ್ ಟ್ವೆಂಟಿ’ಯೇ ಆಗಿದ್ದಾನೆ, ಊರಿನಲ್ಲಿ ಗಲಭೆಯಾದರೆ ‘ಒನ್ ಫಾರ್ಟಿಫೋರ್ ಹಾಕ್ಯಾರ’ ಎಂದೇ ಸುದ್ದಿ ಹಬ್ಬುತ್ತದೆ. ಹೊಸ ಸಂಹಿತೆಯನ್ನು ಗೌರವಿಸಬೇಕೆಂದು ಯಾರಾದರೂ ‘ನೀನೊಬ್ಬ ಮುನ್ನೂರಾ ಹದಿನೆಂಟು’ ಎಂದು ಬೈದರೆ, ಬೈಸಿಕೊಂಡವನು ಸಿಟ್ಟಾಗುವ ಮೊದಲು ಅದರ ಅರ್ಥವನ್ನು ವಕೀಲರಲ್ಲಿ ಕೇಳಿಬರಬೇಕಾದೀತು.